ಬೈಕಿನ ಕಪ್ಲರ್ ಕರಗಿದೆಯೇ? ಟೇಪ್ ಸುತ್ತುವ ಮೊದಲು ಇಷ್ಟು ಮಾಡಿ

ಬ್ಯಾಟರಿ ಹೊಸದು, ಆದರೂ ಬೆಳಿಗ್ಗೆ ಸೆಲ್ಫ್ ಎತ್ತುತ್ತಿಲ್ಲ. ಹಾರ್ನ್ ಗಂಟಲು ಕಟ್ಟಿದಂತೆ ಕೂಗುತ್ತದೆ. ಹೀಗಾದಾಗ ಸೈಡ್ ಪ್ಯಾನಲ್ ಬಿಚ್ಚಿ, ಎಂಜಿನ್ನಿನಿಂದ ಮೇಲೆ ಬರುವ ಮೂರು ವೈರುಗಳ ಜಾಡು ಹಿಡಿಯಿರಿ. ಹೆಚ್ಚಿನ ಬೈಕುಗಳಲ್ಲಿ ಮೂರೂ ಹಳದಿ. ಅವು ಆರ್‌ಆರ್ ಯೂನಿಟ್ (ಎಸಿ ಕರೆಂಟನ್ನು ಡಿಸಿ ಮಾಡಿ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್–ರೆಕ್ಟಿಫೈಯರ್) ಸೇರುವ ಕಡೆ ಬಿಳಿ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಪ್ಲಗ್) ಕಂದಾಗಿ, ಒಂದು ಮೂಲೆ ಮೇಣದಂತೆ ಇಳಿದಿದ್ದರೆ ರೋಗದ ಬೇರು ಅಲ್ಲಿದೆ.

ಎಂಜಿನ್ ಬಿಸಿಗೆ ಕರಗಿತು ಎಂದುಕೊಳ್ಳುವವರೇ ಹೆಚ್ಚು. ಸಾಮಾನ್ಯವಾಗಿ ಕಪ್ಲರ್ ಸುಡುವುದು ಒಳಗಿನಿಂದ. ಮಳೆನೀರು ಹೊಕ್ಕು ಪಿನ್ನಿಗೆ ಕಿಲುಬು ಹಿಡಿಯುತ್ತದೆ, ಅಥವಾ ಎಂಜಿನ್ ಅದುರಾಟಕ್ಕೆ ಪಿನ್ನಿನ ಹಿಡಿತ ಸಡಿಲವಾಗುತ್ತದೆ. ಕೂಡುವ ಜಾಗದಲ್ಲಿ 0.2 ಓಮ್ ತಡೆ ಹುಟ್ಟಿ, 10 ಆಂಪಿಯರ್ ಹರಿದರೆ ಅಲ್ಲಿ 20 ವಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ 25 ವಾಟಿನದು. ಅದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಉರಿಸಿದಂತೆ. ಬಿಸಿಯಾದ ಪಿನ್ ಇನ್ನಷ್ಟು ಸಡಿಲ, ಸಡಿಲವಾದಷ್ಟೂ ಇನ್ನಷ್ಟು ಬಿಸಿ. ಸುಡುವುದು ಇದೇ ಕಪ್ಲರ್ ಏಕೆ ಎಂಬುದಕ್ಕೂ ಕಾರಣವಿದೆ. ಹಲವು ಬೈಕುಗಳ ಆರ್‌ಆರ್ ಯೂನಿಟ್ ಹೆಚ್ಚುವರಿ ಕರೆಂಟನ್ನು ಶಾರ್ಟ್ ಮಾಡಿ ಸ್ಟೇಟರಿಗೇ (ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಕಾಯಿಲ್, ಮೆಕ್ಯಾನಿಕ್‌ಗಳ ಮಾತಿನಲ್ಲಿ ಮ್ಯಾಗ್ನೆಟ್ ಕಾಯಿಲ್) ಹಿಂದಿರುಗಿಸುತ್ತದೆ. ಹಾಗಾಗಿ ಲೈಟ್ ಉರಿಯದಿದ್ದರೂ ಈ ಮೂರು ವೈರುಗಳ ಹೊರೆ ಇಳಿಯುವುದಿಲ್ಲ.

ಮೊದಲು ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಪಾಸಿಟಿವ್ ಆಮೇಲೆ. ಜೋಡಿಸುವಾಗ ಇದಕ್ಕೆ ತಿರುಗುಮುರುಗು.

ಕಪ್ಲರ್ ಬಿಡಿಸಿ, ಸ್ಟೇಟರ್ ಕಡೆಯ ಮೂರು ವೈರುಗಳನ್ನು ಎರಡೆರಡಾಗಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಮೂರು ಜೋಡಿಗಳೂ ಒಂದೇ ಬೆಲೆ ತೋರಿಸಬೇಕು, ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ. ಮೀಟರಿನ ಎರಡು ಕಡ್ಡಿ ತಾಗಿಸಿದಾಗಲೇ 0.2 ಅಥವಾ 0.3 ತೋರಿಸುತ್ತದೆ, ಅದನ್ನು ಕಳೆಯಲು ಮರೆಯಬೇಡಿ. ಯಾವ ವೈರಿಗೂ ಎಂಜಿನ್ ಬಾಡಿಗೂ ಸಂಪರ್ಕ ಸಿಗಕೂಡದು. ಸಿಕ್ಕರೆ ಕಾಯಿಲ್ ಸುಟ್ಟಿದೆ, ಕಪ್ಲರ್ ಬದಲಿಸಿ ಪ್ರಯೋಜನವಿಲ್ಲ.

ಓಮ್ ಲೆಕ್ಕ ಸರಿಯಿದ್ದರೆ ಬ್ಯಾಟರಿ ಮತ್ತೆ ಜೋಡಿಸಿ, ಈ ಕಪ್ಲರ್ ಬಿಡಿಸಿಟ್ಟುಕೊಂಡೇ ಎಂಜಿನ್ ಶುರುಮಾಡಿ, ರೇಸ್ ಒಂದೇ ಮಟ್ಟದಲ್ಲಿ ಹಿಡಿದು ಎಸಿ ವೋಲ್ಟ್ ನೋಡಿ. ಮೂರು ಜೋಡಿಗಳೂ ಹತ್ತಿರ ಹತ್ತಿರ ಸಮವಾಗಿರಬೇಕು. ಪಿನ್ನಿಗೆ ಬೆರಳು ತಾಗಿಸಬೇಡಿ. ರೇಸ್ ಏರಿದಾಗ 50 ವೋಲ್ಟ್ ದಾಟುವುದುಂಟು. ಮುಗಿದ ಮೇಲೆ ಬ್ಯಾಟರಿ ಮತ್ತೆ ಬಿಚ್ಚಿ.

ಕತ್ತರಿಸುವುದು ಎಲ್ಲಿವರೆಗೆ?

ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಶಾಖ ತಾಮ್ರದ ಗುಂಟ ಹಿಂದಕ್ಕೆ ಹರಿದಿರುತ್ತದೆ. ವೈರಿನ ಸಿಪ್ಪೆ ಬಗ್ಗಿಸಿದರೆ ಚಟಚಟ ಬಿರಿಯುವಷ್ಟು ಉದ್ದವೂ ಸತ್ತ ವೈರೇ. ಸಿಪ್ಪೆ ಸುಲಿದು ಎಳೆಗಳನ್ನು ಬೆಳಕಿಗೆ ಹಿಡಿಯಿರಿ: ಹೊಸ ತಾಮ್ರ ಕೆಂಪಗೆ ಹೊಳೆಯುತ್ತದೆ, ಬೆಂದದ್ದು ಕಾಡಿಗೆಯಂತೆ ಕಪ್ಪು. ಕಪ್ಪು ಎಳೆ ಬೆಸುಗೆಯನ್ನೂ ಹಿಡಿಯದು, ಪಿನ್ನಿನಲ್ಲೂ ಕಚ್ಚದು. ಕೆಂಪು ಕಾಣುವವರೆಗೆ ಎರಡೂ ಕಡೆ ಕತ್ತರಿಸುತ್ತ ಹೋಗಿ. ಉದ್ದ ಸಾಲದಿದ್ದರೆ ಹಳೆಯದರಷ್ಟೇ ಅಥವಾ ಒಂದು ಅಳತೆ ಹೆಚ್ಚು ದಪ್ಪದ, ಸಣ್ಣ ಎಳೆಗಳ ಆಟೊ ವೈರ್ ಸೇರಿಸಿ. ಚಾರ್ಜಿಂಗ್ ಲೈನಿಗೆ 1.5ರಿಂದ 2 ಚದರ ಮಿಮೀ ಸಾಕು. ಮನೆ ವೈರಿಂಗಿನ ಗಡುಸು ಎಳೆಗಳು ಅದುರಾಟಕ್ಕೆ ಮುರಿಯುತ್ತವೆ, ಅವು ಬೇಡ.

ಜೋಡಣೆ

ಬೇಕಾದದ್ದು: 6.3 ಮಿಮೀ ಅಗಲದ ಗಂಡು–ಹೆಣ್ಣು ಪಿನ್ ಮೂರು ಜೊತೆ, ಅವಕ್ಕೆ ಹೊಂದುವ ಲಾಕ್ ಇರುವ ಮೂರು ಪಿನ್ನಿನ ಕಪ್ಲರ್, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ), ಪಿನ್ ಒತ್ತಿ ಹಿಡಿಸುವ ಕ್ರಿಂಪಿಂಗ್ ಪ್ಲೈಯರ್, ಪಿನ್ನಿಗೆ ನೀರು ತಾಗದಂತೆ ಸವರುವ ಡೈಎಲೆಕ್ಟ್ರಿಕ್ ಗ್ರೀಸ್. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ, ಜೆ.ಸಿ. ರಸ್ತೆಗಳಲ್ಲಿ ಎಲ್ಲವೂ ಸಿಗುತ್ತವೆ.

ಸುಮಾರು 5 ಮಿಮೀ ಸಿಪ್ಪೆ ಸುಲಿಯಿರಿ. ಪಿನ್ನಿನ ಮುಂದಿನ ಜೋಡಿ ರೆಕ್ಕೆ ತಾಮ್ರವನ್ನು ಹಿಡಿಯಬೇಕು, ಹಿಂದಿನ ಜೋಡಿ ಸಿಪ್ಪೆಯನ್ನು. ಎರಡೂ ತಾಮ್ರದ ಮೇಲೇ ಕೂತರೆ ಎಳೆತವೆಲ್ಲ ಎಳೆಗಳ ಮೇಲೆ ಬಿದ್ದು ಒಂದೊಂದಾಗಿ ತುಂಡಾಗುತ್ತವೆ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ಕಿತ್ತುಬರುವುದಿದ್ದರೆ ಈಗಲೇ ಬರಲಿ. ಪಿನ್ನಿಗೆ ಬೆಸುಗೆ ತುಂಬುವುದು ನಮಗೆ ಒಪ್ಪಿಗೆಯಿಲ್ಲ. ಸೀಸ ಎಳೆಗಳೊಳಗೆ ಏರಿ ವೈರನ್ನು ಕಡ್ಡಿಯಂತೆ ಮಾಡುತ್ತದೆ, ಆ ಕಡ್ಡಿ ಮುಗಿಯುವಲ್ಲೇ ವೈರ್ ಮುರಿಯುತ್ತದೆ.

ನಡುವೆ ವೈರ್ ಸೇರಿಸಿದ್ದರೆ ಮೂರು ಕೂಡುಗಳನ್ನೂ ಒಂದೇ ಸಾಲಿನಲ್ಲಿ ತರದೆ, 3 ಸೆಂಮೀ ಹಿಂದೆ ಮುಂದೆ ಮಾಡಿ. ಸ್ಲೀವನ್ನು ಹಾಟ್ ಏರ್ ಗನ್ನಿನಿಂದ ಕುಗ್ಗಿಸಿ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ಲೈಟರ್ ಹಚ್ಚುವ ಅಭ್ಯಾಸ ದಯವಿಟ್ಟು ಬಿಡಿ. ಟ್ಯಾಂಕ್ ಇಳಿಸಿ ದೂರ ಇಟ್ಟ ಮೇಲೇ ಗನ್ ಹಿಡಿಯಿರಿ. ಮೂರೂ ಎಸಿ ಲೈನುಗಳಾದ್ದರಿಂದ ಯಾವುದು ಯಾವುದಕ್ಕೆ ಸೇರಿದರೂ ತೊಂದರೆಯಿಲ್ಲ. ಬ್ಯಾಟರಿ ಕಡೆಯ ಎರಡು ವೈರುಗಳು ಅದಲುಬದಲಾದರೆ ಮಾತ್ರ ಆರ್‌ಆರ್ ಯೂನಿಟ್ ಸುಟ್ಟಂತೆಯೇ.

ವೈರ್ ಸೈಲೆನ್ಸರ್ ಬೆಂಡ್ ಮತ್ತು ಸಿಲಿಂಡರ್ ಹೆಡ್‌ನಿಂದ ಕನಿಷ್ಠ 5 ಸೆಂಮೀ ದೂರ ಹೋಗಲಿ. ಆಗದಿದ್ದರೆ ಆ ಭಾಗಕ್ಕೆ ಸಿಲಿಕೋನ್ ಲೇಪಿತ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ. ಸಾಮಾನ್ಯ ಕರಿ ಟೇಪಿನ ಅಂಟು ಬಿಸಿಗೆ ಬೆಲ್ಲದ ಪಾಕದಂತೆ ಇಳಿದು ಸುತ್ತು ಬಿಚ್ಚಿಕೊಳ್ಳುತ್ತದೆ. ಬಟ್ಟೆ ಟೇಪ್ ಒಳ್ಳೆಯದು.

ಬಿಎಸ್–6 ಬೈಕಿನ ಸೈಲೆನ್ಸರಿಗೆ ತಿರುಗಿಸಿರುವ ಆಕ್ಸಿಜನ್ ಸೆನ್ಸರಿನ ವೈರ್ ಬೆಂದಿದ್ದರೆ ಬೆಸುಗೆ ಹಾಕಬೇಡಿ. ಹಲವು ಸೆನ್ಸರುಗಳು ವೈರಿನ ಎಳೆಗಳ ಸಂದಿನಿಂದಲೇ ಹೊರಗಾಳಿ ಎಳೆದುಕೊಳ್ಳುತ್ತವೆ, ಅದು ಮುಚ್ಚಿದರೆ ಲೆಕ್ಕ ತಪ್ಪುತ್ತದೆ. ಸೆನ್ಸರ್ ಬದಲಿಸುವುದೇ ದಾರಿ.

ಹೆಡ್‌ಲೈಟ್ ಕಪ್ಲರ್ ಕರಗಿದ್ದರೆ ಮೊದಲು ಬಲ್ಬ್ ನೋಡಿ. 35 ವಾಟಿಗೆ 3 ಆಂಪಿಯರ್ ಹರಿಯುವ ವೈರಿನಲ್ಲಿ 100 ವಾಟ್ ಬಲ್ಬ್ 8 ಆಂಪಿಯರ್ ಎಳೆಯುತ್ತದೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುವುದರಿಂದ ಆ ವೈರಿಗೆ ಹಗಲಲ್ಲೂ ಬಿಡುವಿಲ್ಲ. ಫ್ಯೂಸ್ ಹೋಗುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕಿದರೆ ಮುಂದೆ ಸುಡುವುದು ವೈರೇ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಓಡಿಸಿ, ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮೇಲೆ ಅಳೆಯಿರಿ: 13.5ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ಟೇ ಕೆಟ್ಟಿದೆ. ಆರ್‌ಆರ್ ಯೂನಿಟ್ಟಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ವರೆಗೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಬೋಲ್ಟ್ ಬಿಚ್ಚಿ, ಪೇಂಟ್ ಕಿಲುಬು ಕೆರೆದು ಬಿಗಿ ಮಾಡಿ. ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ಆಫ್ ಮಾಡಿ ಹೊಸ ಕಪ್ಲರನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಿದ್ದರೆ ಪಿನ್ ಸರಿಯಾಗಿ ಕಚ್ಚಿಲ್ಲ, ಆ ಪಿನ್ ತೆಗೆದು ಹೊಸದು ಹಾಕಿ.