ಬರ್ ಕೈಗೆ ಸಿಗುವವರೆಗೆ ಚಾಕು ಮಗುಚಬೇಡಿ

ನಾನು ಮೊದಲು ಕೊಂಡ ವಾಟರ್‌ಸ್ಟೋನ್, ಅಂದರೆ ನೀರು ಹಾಕಿ ಚಾಕು ಮಸೆಯುವ ಕಲ್ಲು, ಒಂದು ಬದಿ 3000, ಇನ್ನೊಂದು ಬದಿ 8000 ಗ್ರಿಟ್‌ನದು. ಗ್ರಿಟ್ ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯ. ಕಲ್ಲು ನಯವಾದಷ್ಟೂ ಚಾಕು ಹರಿತವಾಗುತ್ತದೆ ಎಂದು ನಂಬಿದ್ದೆ. ಅಡುಗೆಮನೆಯ ಮೊಂಡು ಚಾಕುವನ್ನು ಅದರ ಮೇಲೆ ಒಂದು ಗಂಟೆ ಉಜ್ಜಿದೆ. ಅಲಗು ಕನ್ನಡಿ ಥರ ಹೊಳೆಯಿತು. ಟೊಮ್ಯಾಟೊ ಮೇಲಿಟ್ಟು ಎಳೆದರೆ ಸಿಪ್ಪೆ ಕೂಡ ಹರಿಯಲಿಲ್ಲ, ಸುಮ್ನೆ ಜಾರಿತು.

ಕಾರಣ ಗೊತ್ತಾಗಲು ತುಂಬಾ ದಿನ ಬೇಕಾಯಿತು. ಚಾಕು ಮೊಂಡಾಗಿದೆ ಅಂದರೆ ಅದರ ಬಾಯಿ ದುಂಡಗಾಗಿದೆ ಎಂದರ್ಥ. ಎರಡೂ ಬದಿಯ ಇಳಿಜಾರು ಮತ್ತೆ ಒಂದೇ ಗೆರೆಯಲ್ಲಿ ಬಂದು ಸೇರಬೇಕಾದರೆ ನಡುವಿನ ಲೋಹ ಸವೆದು ಹೋಗಬೇಕು. 1000 ಗ್ರಿಟ್ ಕಲ್ಲಿನ ಕಣ ಸುಮಾರು 11ರಿಂದ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇರುತ್ತದೆ. 8000 ಗ್ರಿಟ್‌ನದು ಒಂದೆರಡು ಮೈಕ್ರಾನ್ ಅಷ್ಟೇ. ಅಷ್ಟು ಸಣ್ಣ ಕಣ ಹೊಳಪು ಕೊಡುತ್ತದೆ, ಹೊಸ ಬಾಯಿ ಕಟ್ಟುವುದಿಲ್ಲ.

ಆಮೇಲೆ 1000 ಗ್ರಿಟ್‌ನ ಒಂದೇ ಕಲ್ಲು ತಂದೆ. ಯಾರಾದರೂ ಕೇಳಿದರೆ ಇವತ್ತಿಗೂ ನಾನು ಹೇಳುವುದು ಇದನ್ನೇ: ಮೊದಲು 1000 ತಗೊಳ್ಳಿ, ಅದರಲ್ಲೇ ಕೆಲವು ತಿಂಗಳು ಕೈ ಪಳಗಿಸಿ. ಬಾಯಿ ಮುಕ್ಕಾಗಿದ್ದರೆ ಮಾತ್ರ 400ರ ತರಿ ಕಲ್ಲು ಬೇಕು. 3000 ಅಥವಾ 6000 ಆಮೇಲಿನ ಮಾತು. ತರಕಾರಿ ಹೆಚ್ಚುವ ಚಾಕುವಿಗೆ 1000ದಲ್ಲಿ ಚೆನ್ನಾಗಿ ಮಸೆದರೆ ಸಾಕಾಗುತ್ತದೆ. ಅದು ಬಿಟ್ಟುಹೋಗುವ ಕಣ್ಣಿಗೆ ಕಾಣದ ಹಲ್ಲುಗಳು ಸಿಪ್ಪೆಯನ್ನು ಚೆನ್ನಾಗಿಯೇ ಹಿಡಿಯುತ್ತವೆ.

ಕೊಳ್ಳುವಾಗ ಇನ್ನೊಂದನ್ನು ಕೇಳಿಕೊಳ್ಳಿ, ಕಲ್ಲು ನೆನೆಸುವಂಥದ್ದೋ ಅಲ್ಲವೋ ಎಂದು. ನನ್ನದನ್ನು ನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತವೆ. ಹತ್ತು ಹದಿನೈದು ನಿಮಿಷದಲ್ಲಿ ಗುಳ್ಳೆ ನಿಂತ ಮೇಲೆ ಕೆಲಸಕ್ಕೆ ತಯಾರು. ಇನ್ನು ಕೆಲವಕ್ಕೆ ಮೇಲೆ ನೀರು ಚಿಮುಕಿಸಿದರೆ ಸಾಕು. ಕಣಗಳನ್ನು ಮ್ಯಾಗ್ನೀಸಿಯಾ ಎಂಬ ಸಿಮೆಂಟಿನಂಥ ಅಂಟಿನಿಂದ ಕಟ್ಟಿದ ಕಲ್ಲನ್ನಂತೂ ಗಂಟೆಗಟ್ಟಲೆ ನೆನೆಸಲೇಬಾರದು, ಮೆತ್ತಗಾಗಿ ಬಿರುಕು ಬಿಡುತ್ತದೆ.

ಚಾಕುವನ್ನು ಕಲ್ಲಿನ ಮೇಲೆ ಹಿಡಿಯುವ ಕೋನದ ಬಗ್ಗೆ ನಾನು ಅನಗತ್ಯವಾಗಿ ಹೆದರಿದ್ದೆ. ತೆಳುವಾದ, ಗಟ್ಟಿ ಉಕ್ಕಿನ ಜಪಾನಿ ಚಾಕುಗಳಿಗೆ ಒಂದು ಬದಿಗೆ ಸುಮಾರು 15 ಡಿಗ್ರಿ, ಮೆತ್ತನೆ ಉಕ್ಕಿನ ದಪ್ಪ ಚಾಕುಗಳಿಗೆ 20 ಡಿಗ್ರಿ. ಅಲಗಿನ ಅಗಲ 45 ಮಿಲಿಮೀಟರ್ ಇದ್ದರೆ 15 ಡಿಗ್ರಿಗೆ ಚಾಕುವಿನ ಬೆನ್ನು ಕಲ್ಲಿನಿಂದ 12 ಮಿಲಿಮೀಟರ್ ಮೇಲಿರಬೇಕು, 20 ಡಿಗ್ರಿಗೆ 15 ಮಿಲಿಮೀಟರ್. ಇಷ್ಟು ಕರಾರುವಾಕ್ಕಾಗಿ ಕೂರದಿದ್ದರೂ ನಡೆಯುತ್ತದೆ. ಹಿಡಿದ ಕೋನ ಅಲುಗದಿರುವುದು ಮುಖ್ಯ. ನನಗೆ ಇದನ್ನು ಕಲಿಸಿದ್ದು ಒಂದು ಮಾರ್ಕರ್ ಪೆನ್. ಬಾಯಿಯ ಇಳಿಜಾರಿಗೆ ಕಪ್ಪು ಬಳಿದು ನಾಲ್ಕೈದು ಸಲ ಉಜ್ಜಿ ನೋಡಿ. ಮೇಲ್ಭಾಗದ ಕಪ್ಪು ಮಾತ್ರ ಹೋಗಿದ್ದರೆ ಕೋನ ಕಮ್ಮಿಯಾಗಿದೆ, ಬೆನ್ನು ಸ್ವಲ್ಪ ಎತ್ತಬೇಕು. ತೀರಾ ತುದಿಯದು ಮಾತ್ರ ಹೋಗಿದ್ದರೆ ಜಾಸ್ತಿ ಎತ್ತಿದ್ದೀರಿ.

ಈಗ ಬರ್ ವಿಷಯ. ಒಂದು ಬದಿಯನ್ನು ಸಾಕಷ್ಟು ಮಸೆದಾಗ ಲೋಹ ಬಾಯಿಯ ತುದಿ ದಾಟಿ ಆಚೆ ಬದಿಗೆ ಕೂದಲೆಳೆಯಷ್ಟು ಮಡಚಿಕೊಳ್ಳುತ್ತದೆ. ಅದಕ್ಕೇ ಬರ್ ಎನ್ನುತ್ತಾರೆ. ಕಣ್ಣಿಗೆ ಕಾಣುವುದು ಕಷ್ಟ, ಬೆರಳಿಗೆ ಗೊತ್ತಾಗುತ್ತದೆ. ಮಸೆಯದ ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹಗುರವಾಗಿ ತಂದು ಹೊರಗೆ ಜಾರಿಸಿ. ಬಾಯಿಯ ಉದ್ದಕ್ಕೆ ಮಾತ್ರ ಎಂದೂ ಎಳೆಯಬೇಡಿ, ಕೈ ಕುಯ್ಯುತ್ತದೆ. ತುದಿಯಲ್ಲಿ ಏನೋ ತರಿತರಿಯಾಗಿ ತಡೆದ ಹಾಗಾದರೆ ಅದೇ ಬರ್. ನಾನು ಮೊದಲ ಸಲ ಅದನ್ನು ಮುಟ್ಟಿದಾಗ ಚಾಕುವಿನ ನಡುವೆ ಮಾತ್ರ ಇತ್ತು. ಹಿಡಿಯ ಹತ್ತಿರ ಇಲ್ಲ, ಮೊನೆಯಲ್ಲೂ ಇಲ್ಲ. ಅಷ್ಟು ದಿನ ಮೊನೆ ಯಾಕೆ ಕತ್ತರಿಸುತ್ತಿರಲಿಲ್ಲ ಎಂದು ಆಗ ತಿಳಿಯಿತು. ಮೊನೆ ಬಾಗಿರುತ್ತದಲ್ವಾ, ಅಲ್ಲಿಗೆ ಬಂದಾಗ ಹಿಡಿಯನ್ನು ಸ್ವಲ್ಪ ಎತ್ತದಿದ್ದರೆ ಬಾಯಿ ಕಲ್ಲಿಗೆ ತಾಕುವುದೇ ಇಲ್ಲ. ಉದ್ದಕ್ಕೂ ಬರ್ ಸಿಕ್ಕ ಮೇಲಷ್ಟೇ ಚಾಕು ಮಗುಚಬೇಕು.

ಎರಡನೇ ಬದಿಯಲ್ಲೂ ಹಾಗೇ. ಆಮೇಲೆ ಬರ್ ತೆಗೆಯಲು ಒತ್ತಡ ಕಡಿಮೆ ಮಾಡುತ್ತಾ ಆ ಬದಿ ಐದು ಸಲ, ಈ ಬದಿ ಐದು ಸಲ, ಎರಡೆರಡು, ಕೊನೆಗೆ ಚಾಕುವಿನ ತೂಕ ಮಾತ್ರ ಬೀಳುವ ಹಾಗೆ ಒಂದೊಂದು. ಬರ್ ಉಳಿದರೆ ಚಾಕು ಮೊದಲ ದಿನ ಹರಿತ ಅನಿಸುತ್ತದೆ, ಎರಡೇ ದಿನಕ್ಕೆ ಮೊಂಡು. ಮಸೆಯುವಾಗ ಏಳುವ ಕೆಸರನ್ನು ತೊಳೆದು ಹಾಕಬೇಡಿ, ಅದೂ ಮಸೆಯುತ್ತದೆ. ಒಣಗಿದರೆ ಎರಡು ಹನಿ ನೀರು ಸಾಕು.

ಇಷ್ಟೆಲ್ಲಾ ಮಾಡಿಯೂ ಒಂದಷ್ಟು ಕಾಲದ ನಂತರ ಚಾಕು ಮತ್ತೆ ಸರಿಬರದಾಯಿತು. ಕೈಯದೇ ತಪ್ಪು ಅಂದುಕೊಂಡಿದ್ದೆ. ಒಂದು ದಿನ ಕಲ್ಲಿನ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿದೆ. ನಡುವೆ ಬೆಳಕು ತೂರಿ ಬಂತು. ಕಲ್ಲು ದೋಣಿಯ ಹಾಗೆ ತಗ್ಗಾಗಿತ್ತು. ತಗ್ಗಿನಲ್ಲಿ ಚಾಕು ಓಡಾಡಿದರೆ ಕೋನ ಪ್ರತಿ ಸಲ ಬದಲಾಗುತ್ತದೆ. ಗಾಜಿನ ಹಲಗೆಯ ಮೇಲೆ ನೀರಿಗೆ ತಡೆಯುವ ತರಿ ಸ್ಯಾಂಡ್‌ಪೇಪರ್ ಹಾಸಿ, ಕಲ್ಲಿನ ಮೇಲೆಲ್ಲಾ ಪೆನ್ಸಿಲ್‌ನಿಂದ ಚೌಕುಳಿ ಗೆರೆ ಎಳೆದು ಉಜ್ಜಿದೆ. ಎರಡು ತುದಿಯ ಗೆರೆಗಳು ಬೇಗ ಹೋದವು. ನಡುವಿನವು ಹಾಗೇ ಕೂತಿದ್ದವು, ಅವು ಅಳಿಯಲು ಅರ್ಧ ಗಂಟೆ ಹಿಡಿಯಿತು.

ಈಗ ಎರಡು ಮೂರು ಚಾಕು ಮಸೆದ ಮೇಲೆ ತಪ್ಪದೆ ಪೆನ್ಸಿಲ್ ತೆಗೆಯುತ್ತೇನೆ. ಆಗಾಗ ಮಾಡಿದರೆ ಒಂದೆರಡು ನಿಮಿಷದ ಕೆಲಸ. ಆಮೇಲೆ ಕಲ್ಲನ್ನು ತೊಳೆದು ನೆರಳಲ್ಲಿ ಪಕ್ಕಕ್ಕೆ ನಿಲ್ಲಿಸಿ ಒಣಗಿಸುತ್ತೇನೆ.