ಕೈಗೆ ಹೊಂದುವ ಪಿಸ್ತೂಲು ಆರಿಸುವುದು

ಕ್ಯಾಲಿಬರ್‌ಗಿಂತ (ಗುಂಡಿನ ವ್ಯಾಸದ ಅಳತೆ) ಮೊದಲು ಹಿಡಿ ನೋಡಿ. ನಳಿಕೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ತೆಗೆದು, ಸ್ಲೈಡ್ (ಮೇಲೆ ಹಿಂದೆ-ಮುಂದೆ ಸರಿಯುವ ಭಾಗ) ಹಿಂದಕ್ಕೆಳೆದು ಚೇಂಬರ್ (ಹಾರಲಿರುವ ತೋಟಾ ಕೂರುವ ಜಾಗ) ಖಾಲಿಯೇ ಎಂದು ಕಣ್ಣಲ್ಲೂ ಬೆರಳಲ್ಲೂ ಖಚಿತಪಡಿಸಿಕೊಳ್ಳಿ. ನಳಿಕೆ ಮುಂಗೈಯ ನೇರಕ್ಕಿರುವಾಗಲೇ ತೋರುಬೆರಳ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಬೆರಳು ಎಟುಕದೆ ಕೈ ತಿರುಗಿಸಿ ಹಿಡಿದರೆ ಗುಂಡು ಪಕ್ಕಕ್ಕೆ ಹೋಗುತ್ತದೆ.

ಚಿಕ್ಕದೆಂದರೆ ಸುಲಭ ಎಂಬ ನಂಬಿಕೆ ಬಿಡಿ. ಅದೇ ತೋಟಾ ಹಾಕಿದರೂ ಹಗುರ ಪಿಸ್ತೂಲೇ ಜೋರಾಗಿ ಒದೆಯುವುದು. ಗುರಿ ಅಭ್ಯಾಸಕ್ಕೆ .22 ಕ್ಯಾಲಿಬರ್ ಸಾಕು, ಆತ್ಮರಕ್ಷಣೆಗೆ 4 ಇಂಚು ನಳಿಕೆಯ 9 ಎಂಎಂ ಒಳ್ಳೆಯದು. ಸ್ಲೈಡ್ ಎಳೆಯಲು ಬಲ ಸಾಲದವರಿಗೆ ರಿವಾಲ್ವರ್ ಇದೆ, ಆದರೆ ಅದರ ಡಬಲ್ ಆ್ಯಕ್ಷನ್ ಟ್ರಿಗರ್ (ಸುತ್ತಿಗೆಯನ್ನು ಏರಿಸುವುದೂ ಬಿಡುವುದೂ ಒಂದೇ ಎಳೆತದಲ್ಲಿ) ಬಿಗಿ.

ಮಣಿಕಟ್ಟು ಸಡಿಲಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಸಿಕ್ಕಿಕೊಳ್ಳಬಹುದು. ಅದಕ್ಕೆ ಪಿಸ್ತೂಲನ್ನು ದೂರಬೇಡಿ. ಕೊಳ್ಳುವ ಮುನ್ನ ಅದೇ ಮಾದರಿಯಿಂದ ರೇಂಜ್‌ನಲ್ಲಿ 50 ಸುತ್ತು ಹಾರಿಸಿ ನೋಡಿ. ಬೀಗವಿರುವ ಪೆಟ್ಟಿಗೆಯನ್ನೂ ಅದರ ಜೊತೆಗೇ ಕೊಳ್ಳಿ.