ಹುಣ್ಣಿಮೆಯ ವಿಡಿಯೊ: ಡುಶೆನ್ ಹುಡುಗರ ಇಳಿತವನ್ನು ಮನೆಯಲ್ಲೇ ಗುರುತಿಸಿದ ನನ್ನ ಅನುಭವ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಡುಶೆನ್ ಸ್ನಾಯುಕ್ಷಯವಿರುವ, ಎಂದರೆ ಜೀನ್ ದೋಷದಿಂದ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುವ ಹುಡುಗರಿಗೆ ಫಿಸಿಯೊಥೆರಪಿ ಮಾಡುತ್ತ ನನಗೆ ಹದಿಮೂರು ವರ್ಷಗಳಾದವು. ತಾಯಂದಿರು ಮೊಬೈಲಿನಲ್ಲಿ ಹಿಡಿದ ವಿಡಿಯೊಗಳಿಂದ ಕಾಯಿಲೆಯ ಇಳಿತವನ್ನು ಕ್ಲಿನಿಕ್ಕಿಗಿಂತ ಮೊದಲೇ ಗುರುತಿಸಬಹುದು ಎಂದು ಆರು ವರ್ಷಗಳ ಹಿಂದೆ ನಾನು ಹೇಳಿದಾಗ, ಮೈಸೂರಿನ ಹಿರಿಯ ಸಹೋದ್ಯೋಗಿಯೊಬ್ಬರು "ಅಂಗಳದಲ್ಲಿ ಅಳೆದದ್ದು ಅಳತೆಯಲ್ಲ" ಎಂದು ಮಾತು ಮುಗಿಸಿದ್ದರು. ಕಳೆದ ವರ್ಷ ಅವರೇ ತಮ್ಮಲ್ಲಿಗೆ ಬರುವ ಇಬ್ಬರು ಹುಡುಗರ ತಾಯಂದಿರಿಗೆ ಈ ಕ್ರಮವನ್ನು ಕಲಿಸಿಕೊಡುವಂತೆ ನನ್ನನ್ನು ಕೇಳಿದರು. ಆ ಸಂತೋಷದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಕ್ಲಿನಿಕ್ಕಿನ ಅಳತೆ ತಪ್ಪು ಎನ್ನುವುದು ನನ್ನ ವಾದವಲ್ಲ. ಏಳುವುದು, ನಡೆಯುವುದು, ಹತ್ತುವುದು ಮುಂತಾದ ಚಲನೆಗಳಿಗೆ ಅಂಕ ಕೊಡುವ ನಾರ್ತ್ ಸ್ಟಾರ್‌ನ 17 ಅಂಶಗಳು, 34 ಅಂಕಗಳು ಇಂದಿಗೂ ನನಗೆ ಆಧಾರ. ಆದರೆ ಮಳವಳ್ಳಿಯ ಆಚೆಯ ಹಳ್ಳಿಯಲ್ಲಿ ನಸುಕಿಗೇ ಎದ್ದು, ಎರಡು ಬಸ್ಸು ಬದಲಿಸಿ, ದೊಡ್ಡಾಸ್ಪತ್ರೆಯ ಸರದಿಯಲ್ಲಿ ಕುಳಿತು ದಣಿದ ಹುಡುಗ ನುಣುಪಾದ ಟೈಲ್ಸ್ ನೆಲದಿಂದ ಏಳುವುದಕ್ಕೂ ತನ್ನ ಮನೆಯ ರೆಡ್ ಆಕ್ಸೈಡ್ ನೆಲದಿಂದ ಏಳುವುದಕ್ಕೂ ಒಂದೂವರೆ ಎರಡು ಸೆಕೆಂಡುಗಳ ಅಂತರವಿರುತ್ತದೆ. ಆರು ತಿಂಗಳಿಗೊಮ್ಮೆ ಮಾತ್ರ ನೋಡಿದರೆ, ಆ ಅಂತರ ಕಾಯಿಲೆಯದೋ ಬಸ್ಸಿನದೋ ಎಂದು ಹೇಳುವುದು ಸಾಧ್ಯವಿಲ್ಲ. ಹುಡುಗನನ್ನು ಬೇರೆ ಹುಡುಗರ ಸರಾಸರಿಗೆ ಹೋಲಿಸುವುದಕ್ಕಿಂತ ಅವನ ಮನೆಯ ಅದೇ ನೆಲದಲ್ಲಿ, ಅದೇ ಹೊತ್ತಿನಲ್ಲಿ, ಹಿಂದಿನ ತಿಂಗಳ ಅವನಿಗೇ ಹೋಲಿಸಬೇಕು ಎಂಬುದು ನನಗೆ ಮನವರಿಕೆಯಾದದ್ದು ಹೀಗೆ.

ಮೊದಲ ಎರಡು ವರ್ಷ ಕೈಗೆ ಹತ್ತಿದ್ದೇನೂ ಇಲ್ಲ. ಆರು ನಿಮಿಷದ ನಡಿಗೆ ಪರೀಕ್ಷೆಗೆ ಬೇಕಾದ 25 ಮೀಟರ್ ನೇರ ಜಾಗ ಹಳ್ಳಿಯ ಮನೆಗಳಲ್ಲಿ ಸಿಗದೆ, ಮದ್ದೂರಿನ ಹತ್ತಿರದ ಒಂದು ಊರಿನಲ್ಲಿ ಮಾರಿಗುಡಿಯ ಮುಂದೆ ಗುರುತು ಹಾಕಿದೆ. ಊರಿನವರೆಲ್ಲ ನೋಡಲು ನಿಂತರು. ಹುಡುಗ ಮೂರು ಸುತ್ತು ನಡೆದು, ತಲೆ ತಗ್ಗಿಸಿ ನಿಂತುಬಿಟ್ಟ. ಆಮೇಲೆ ಮೂರು ಸಾವಿರ ರೂಪಾಯಿ ಖರ್ಚು ಮಾಡಿ ನಮೂನೆಗಳನ್ನು ಅಚ್ಚು ಹಾಕಿಸಿ ಹಂಚಿದೆ. ಮೂರು ತಿಂಗಳ ನಂತರ ಹೋಗಿ ನೋಡಿದರೆ, ಹನ್ನೆರಡು ವಾರಗಳ ಕಾಲಂಗಳೂ ಒಂದೇ ಪೆನ್ನಿನ ಶಾಯಿಯಲ್ಲಿ, ಒಂದೇ ಒತ್ತಿನಲ್ಲಿ ತುಂಬಿದ್ದವು. ತಾಯಿಯನ್ನು ದೂರುವಂತಿರಲಿಲ್ಲ. ಅವಳಿಗೆ ಎರಡು ಹಸು, ಒಂದೆಕರೆ ಕಬ್ಬು, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಮಾವ. ಹೆಜ್ಜೆ ಎಣಿಸುವ ಕೈಪಟ್ಟಿಗಳನ್ನೂ ನಾಲ್ಕು ಕೊಂಡೆ, ಒಟ್ಟು ಎಂಟು ಸಾವಿರದ ಹತ್ತಿರ ಆಯಿತು. ಮುಂಗಾಲಿನ ಮೇಲೆ ಓಲಾಡುತ್ತ ನಡೆಯುವ ನಮ್ಮ ಹುಡುಗರ ಹೆಜ್ಜೆಗಳನ್ನು ಅವು ಸರಿಯಾಗಿ ಎಣಿಸಲಿಲ್ಲ.

ನೆನಪಿನ ಸಮಸ್ಯೆಗೆ ಪರಿಹಾರ ಪಂಚಾಂಗದಲ್ಲಿತ್ತು. ತಿಂಗಳಿಗೊಂದು ದಿನ ಎಂದರೆ ಮರೆಯುವ ತಾಯಿ ಅಮಾವಾಸ್ಯೆಯನ್ನು ಮರೆಯುವುದಿಲ್ಲ ಎಂದು ಅಮಾವಾಸ್ಯೆಯ ಬೆಳಗನ್ನು ಗೊತ್ತುಮಾಡಿದೆ. ಎರಡನೆಯ ಮನೆಯಲ್ಲೇ ಅಜ್ಜಿ ಅಡ್ಡ ಬಂದರು: "ಅಮಾಸೆ ದಿನ ಕೂಸ್ನ ನೆಲದ್ ಮ್ಯಾಲೆ ಮಲಗ್ಸಿ ಎಬ್ಬುಸ್ಬ್ಯಾಡ ಕಣವ್ವ, ಒಳ್ಳೇದಲ್ಲ." ಅವರ ಮಾತನ್ನು ಮೀರಿ ಆ ಮನೆಯಲ್ಲಿ ಕೆಲಸ ನಡೆಯುವುದಿಲ್ಲ ಎಂದು ಹುಣ್ಣಿಮೆಗೆ ಬದಲಿಸಿದೆ. ಅಂದಿನಿಂದ ನೂರಕ್ಕೆ ತೊಂಬತ್ತರಷ್ಟು ವಿಡಿಯೊಗಳು ತಪ್ಪದೆ ಬರುತ್ತಿವೆ.

ಈಗ ನಡೆಯುವ ಕ್ರಮ ಇಷ್ಟೇ. ತಿಂಡಿ, ಮಾತ್ರೆ ಆದ ಒಂದು ಗಂಟೆಯ ಮೇಲೆ, ಬಣ್ಣದಲ್ಲಿ ಗುರುತು ಹಾಕಿದ ಅದೇ ಜಾಗದಲ್ಲಿ, ಬರಿಗಾಲಿನಲ್ಲಿ, ಚಡ್ಡಿ ಹಾಕಿಕೊಂಡು ಅಂಗಾತ ಮಲಗಿದ ಹುಡುಗ ಎದ್ದು ನಿಲ್ಲುತ್ತಾನೆ. ಬಳಿಕ ಅಳತೆ ಮಾಡಿ ಕೊಟ್ಟ ಮೂವತ್ತಡಿ ಹಗ್ಗದ ಉದ್ದಕ್ಕೆ ಓಡುತ್ತಾನೆ ಅಥವಾ ನಡೆಯುತ್ತಾನೆ, ಜಗಲಿಯ ಒಂದು ಮೆಟ್ಟಿಲು ಹತ್ತುತ್ತಾನೆ. ಮಧ್ಯಾಹ್ನ ಮುದ್ದೆ ಉಣ್ಣುವಾಗ ಎರಡು ನಿಮಿಷ ಹಿಡಿಯುತ್ತಾರೆ. ನಾಲ್ಕು ನೂರು ರೂಪಾಯಿಯ ಸ್ಟ್ಯಾಂಡುಗಳು ಐದು ಮುರಿದ ಮೇಲೆ, ನೀರು ತುಂಬಿದ ಬಿಂದಿಗೆಗೆ ಮೊಬೈಲನ್ನು ಒರಗಿಸುವುದನ್ನು ಒಬ್ಬ ತಾಯಿಯೇ ನನಗೆ ಕಲಿಸಿದಳು. ಸಮಯವನ್ನು ತಾಯಂದಿರು ಎಣಿಸುವುದಿಲ್ಲ. ಹೆಬ್ಬೆರಳಿನಿಂದ ಸ್ಟಾಪ್‌ವಾಚ್ ಒತ್ತುವಾಗ ಅರ್ಧ ಸೆಕೆಂಡು ಆಚೀಚೆಯಾಗುತ್ತದೆ. ಸೆಕೆಂಡಿಗೆ 30 ಚೌಕಟ್ಟುಗಳ ವಿಡಿಯೊವನ್ನು ರಾತ್ರಿ ಕುಳಿತು ಒಂದೊಂದಾಗಿ ಸರಿಸಿ ಎಣಿಸುವವಳು ನಾನೇ.

ಆ ಎಣಿಕೆಯಲ್ಲಿ ನಾನು ಕಲಿತ ಮುಖ್ಯ ಸಂಗತಿಯೆಂದರೆ, ಸಂಖ್ಯೆ ಬದಲಾಗುವ ಮೊದಲು ರೀತಿ ಬದಲಾಗುತ್ತದೆ. ಪಾಂಡವಪುರ ತಾಲ್ಲೂಕಿನ ಎಂಟು ವರ್ಷದ ಹುಡುಗನೊಬ್ಬ ನಾಲ್ಕು ಹುಣ್ಣಿಮೆಗಳಲ್ಲಿ ಸುಮಾರು ಐದು ಸೆಕೆಂಡುಗಳಲ್ಲೇ ಎದ್ದಿದ್ದ. ಮೊದಲೆರಡರಲ್ಲಿ ಬಲಗೈಯನ್ನು ತೊಡೆಗೆ ಒಮ್ಮೆ ತಾಗಿಸಿ ನೆಟ್ಟಗಾಗಿದ್ದ. ಮೂರನೆಯದರಲ್ಲಿ ಕೈ ಮಂಡಿಯ ಮೇಲೆ ಅರೆಕ್ಷಣ ನಿಂತಿತು. ನಾಲ್ಕನೆಯದರಲ್ಲಿ ಎದ್ದು ನಿಂತ ಮೇಲೆ ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಲು ಎರಡು ಪ್ರಯತ್ನ ಬೇಕಾಯಿತು. ತೊಡೆ, ಮಂಡಿಗಳ ಮೇಲೆ ಕೈ ಊರಿ ಏಳುವ, ವೈದ್ಯ ಗೋವರ್ಸ್ 1879ರಲ್ಲಿ ಬಣ್ಣಿಸಿದ ಲಕ್ಷಣವನ್ನು ನಾವೆಲ್ಲ 'ಇದೆ' ಅಥವಾ 'ಇಲ್ಲ' ಎಂದು ಗುರುತುಹಾಕಿ ಮುಂದೆ ಹೋಗುತ್ತೇವೆ. ಆದರೆ ಅದರೊಳಗೇ ಒಂದು ಕೈ, ಎರಡು ಕೈ, ಮಗುಚಿಕೊಳ್ಳುವುದು, ಗೋಡೆ ಹುಡುಕುವುದು ಎಂಬ ಮೆಟ್ಟಿಲುಗಳಿವೆ. ಆ ವಿಡಿಯೊಗಳನ್ನು ನೋಡಿದ ಬೆಂಗಳೂರಿನ ನರರೋಗ ತಜ್ಞರು ಮೊದಲು ಕೇಳಿದ್ದು ಹುಡುಗನ ತೂಕವನ್ನು. 20 ಕಿಲೊ ಇದ್ದಾಗ ಶುರುಮಾಡಿದ 18 ಮಿಲಿಗ್ರಾಂ ಡೆಫ್ಲಜಕಾರ್ಟ್ ಎಂಬ ಸ್ಟಿರಾಯ್ಡ್ ಅವನು 27 ಕಿಲೊ ಆದಾಗಲೂ ಹಾಗೇ ನಡೆದಿತ್ತು; ಕಿಲೊಗೆ 0.9 ಮಿಲಿಗ್ರಾಂ ಲೆಕ್ಕದಲ್ಲಿ ಅದು 24ರ ಆಸುಪಾಸಿಗೆ ಬರಬೇಕಿತ್ತು. ಅವರು ಪ್ರಮಾಣವನ್ನು ಸರಿಪಡಿಸಿದರು, ನಾನು ಹಿಮ್ಮಡಿ ಬಿಗಿಯದಂತೆ ರಾತ್ರಿ ಕಾಲಿಗೆ ಕಟ್ಟುವ ಸ್ಪ್ಲಿಂಟ್ ಬದಲಿಸಿದೆ. ಕ್ಲಿನಿಕ್ಕಿನ ಮುಂದಿನ ಸರದಿ ಆಗಿನ್ನೂ ನಾಲ್ಕು ತಿಂಗಳು ದೂರವಿತ್ತು.

ಆರೇಳು ವರ್ಷದೊಳಗಿನ ಹುಡುಗರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಆ ವಯಸ್ಸಿನಲ್ಲಿ ಬೆಳವಣಿಗೆಯ ಲಾಭ ಕಾಯಿಲೆಯ ನಷ್ಟವನ್ನು ಮುಚ್ಚುವುದರಿಂದ ಅಂಕಗಳು ಏರುತ್ತಲೇ ಇರುತ್ತವೆ, ಮನೆಯವರು ಗುಣವಾಗುತ್ತಿದೆ ಎಂದು ನಂಬುತ್ತಾರೆ. ಐದು ವರ್ಷದ ಹುಡುಗನ ಸಮಯ ನಾಲ್ಕೈದು ತಿಂಗಳು ಸುಧಾರಿಸದೆ ನಿಂತಲ್ಲೇ ನಿಂತರೆ, ನಾನು ಅದನ್ನೇ ಇಳಿತದ ಸುಳಿವೆಂದು ಬರೆದುಕೊಳ್ಳುತ್ತೇನೆ. ದೊಡ್ಡವರಲ್ಲಿ ಮೂವತ್ತಡಿಗೆ 9 ಸೆಕೆಂಡು ದಾಟಿದರೆ ಎರಡು ವರ್ಷದೊಳಗೆ, 12 ದಾಟಿದರೆ ಒಂದು ವರ್ಷದೊಳಗೆ ನಡಿಗೆ ನಿಲ್ಲುತ್ತದೆ ಎಂಬ ಹಳೆಯ ಲೆಕ್ಕ ನಿಮಗೆಲ್ಲ ಗೊತ್ತಿರುವುದೇ. ಗಾಲಿಕುರ್ಚಿ, ಶಾಲೆಯ ರ‍್ಯಾಂಪ್, ಬಚ್ಚಲಿನ ಹಿಡಿಕೆಗಳ ಮಾತನ್ನು ನಾನು 7 ಸೆಕೆಂಡಿಗೇ ಎತ್ತುತ್ತೇನೆ, ಏಕೆಂದರೆ ಹಣ ಹೊಂದಿಸಲು ಮನೆಯವರಿಗೆ ಒಂದು ಕಬ್ಬಿನ ಬೆಳೆಯಷ್ಟಾದರೂ ಕಾಲ ಬೇಕು.

ಮುದ್ದೆಯ ವಿಡಿಯೊವನ್ನು ಎಲ್ಲರೂ ಪ್ರಶ್ನಿಸಿದರು. ಚಕ್ಕಳಮಕ್ಕಳ ಹಾಕಿ ಕುಳಿತ ಹುಡುಗ ತುತ್ತನ್ನು ಸಾರಿನಲ್ಲಿ ಹೊರಳಿಸಿ ಬಾಯಿಗೆ ಎತ್ತುವಾಗ ಭುಜ ದುರ್ಬಲವಾಗಿದ್ದರೆ ಮೊಣಕೈಯನ್ನು ಮಂಡಿಯ ಮೇಲೆ ಊರುತ್ತಾನೆ, ಮತ್ತಷ್ಟು ದುರ್ಬಲವಾದರೆ ಕೈ ಬಾಯಿಗೆ ಬರುವ ಬದಲು ಬಾಯಿಯೇ ಕೈಗೆ ಬಾಗುತ್ತದೆ. ಭುಜದ ಇಳಿತ ನನಗೆ ಮೊದಲು ಕಾಣುವುದು ಇಲ್ಲಿಯೇ.

ನನ್ನಿಂದಾದ ದೊಡ್ಡ ತಪ್ಪನ್ನೂ ಹೇಳಲೇಬೇಕು. ಶ್ರೀರಂಗಪಟ್ಟಣದ ಕಡೆಯ ಹನ್ನೊಂದು ವರ್ಷದ ಹುಡುಗನೊಬ್ಬನ ಏಳುವ ಸಮಯ ಒಂದೇ ತಿಂಗಳಲ್ಲಿ ಏಳರಿಂದ ಹನ್ನೊಂದಕ್ಕೆ ಹೋಯಿತು. ನಾನು ಕಾಯಿಲೆಯ ಇಳಿತವೆಂದೇ ಬರೆದು, ತಾಯಿಗೆ ಧೈರ್ಯ ಹೇಳಿ ಬಂದೆ. ಎರಡು ತಿಂಗಳ ನಂತರ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಕಶೇರು ಕುಸಿದಿರುವುದು ಕಂಡಿತು; ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡ ಮೂಳೆ ಅದು. ಹಳೆಯ ವಿಡಿಯೊವನ್ನು ಮತ್ತೆ ನೋಡಿದಾಗ, ಹುಡುಗ ಏಳುವ ಮುನ್ನ ಹಲ್ಲು ಕಚ್ಚಿದ್ದು ಸ್ಪಷ್ಟವಾಗಿತ್ತು. ನಾನು ಕಾಲುಗಳನ್ನು ನೋಡಿದ್ದೆ, ಮುಖವನ್ನು ನೋಡಿರಲಿಲ್ಲ. ಡುಶೆನ್ ನಿಧಾನವಾಗಿ ಇಳಿಯುತ್ತದೆ, ಹೀಗೆ ಧುಮುಕುವುದಿಲ್ಲ. ಅಂದಿನಿಂದ ಹಠಾತ್ ಇಳಿತ ಕಂಡರೆ ಮೊದಲು ಬೆನ್ನು ನೋವು, ಬಿದ್ದದ್ದು, ಜ್ವರ ಇವುಗಳನ್ನು ವಿಚಾರಿಸುತ್ತೇನೆ.

ತಾಯಂದಿರ ಮೌನಕ್ಕೂ ಕಾರಣವಿದೆ. ರೋಗದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ "ನಿನ್ನ ಕಡೆಯಿಂದ ಬಂದದ್ದು" ಎಂಬ ಮಾತು ಅವರ ಮೇಲೆಯೇ ಬೀಳುತ್ತದೆ. ಸುಮಾರು ಮೂರನೆಯ ಒಂದು ಭಾಗದ ಹುಡುಗರಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತದೆ, ಅಲ್ಲಿ ತಾಯಿ ವಾಹಕಿಯೇ ಅಲ್ಲ. ವಾಹಕಿಯಾದರೂ ಅವಳ ತಪ್ಪೇನು? ಅತ್ತೆಯ ಮುಂದೆ "ಚೆನ್ನಾಗವ್ನೆ ಮೇಡಂ" ಎನ್ನುವ ತಾಯಿ, ಕೆಟ್ಟದ್ದನ್ನು ಬಾಯಿಬಿಟ್ಟು ಹೇಳುವ ಸಂಕಟ ತಪ್ಪಿದ್ದರಿಂದಲೇ ಏನೊಂದನ್ನೂ ಮುಚ್ಚಿಡದೆ ವಿಡಿಯೊ ಕಳುಹಿಸುತ್ತಾಳೆ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಆರು ವರ್ಷಗಳಲ್ಲಿ ಪೆಟ್ರೋಲು, ಹಗ್ಗ, ಬಣ್ಣ, ಎರಡು ಹಾರ್ಡ್ ಡಿಸ್ಕ್, ಮುರಿದ ಸ್ಟ್ಯಾಂಡು ಸೇರಿ ನನ್ನ ಕೈಯಿಂದ ಒಂದು ಲಕ್ಷದ ಇಪ್ಪತ್ತು ಸಾವಿರ ಹೋಗಿರಬಹುದು. ಅದರಲ್ಲಿ ಇಪ್ಪತ್ತೆಂಟು ಸಾವಿರ, ಸೆಕೆಂಡ್ ಹ್ಯಾಂಡ್ ಕೊಂಡ, ಉಸಿರಿನ ಬಲ ಅಳೆಯುವ ಕೈ ಸ್ಪೈರೋಮೀಟರಿಗೆ. ಅದು ಒಂದೇ ಹುಡುಗನಿಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಅಳತೆ ತೋರಿಸಿತು. ಅದನ್ನು ಮೂಲೆಗಿಟ್ಟು, ನಡಿಗೆ ನಿಂತ ಹುಡುಗರಿಗೆ ಒಂದೇ ಉಸಿರಿನಲ್ಲಿ ಎಣಿಸುವ ಹಳೆಯ ಪರೀಕ್ಷೆಗೆ ಮರಳಿದೆ. ಗೆಲ್ಲುವ ಆಸೆಗೆ ಹುಡುಗರು ಬೇಗಬೇಗ ಎಣಿಸುತ್ತಿದ್ದರು. ಈಗ ತಾಯಿ ಸೆಕೆಂಡಿಗೆರಡರಂತೆ ಚಪ್ಪಾಳೆ ತಟ್ಟುತ್ತಾಳೆ. ಇಪ್ಪತ್ತೈದು ಎಣಿಸುತ್ತಿದ್ದವನು ಹದಿನೆಂಟಕ್ಕೆ ಬಂದು, ಬೆಳಗಿನ ತಲೆನೋವನ್ನೂ ಹೇಳಿದರೆ ಅದೇ ವಾರ ಉಸಿರಾಟದ ತಜ್ಞರಲ್ಲಿಗೆ ಕಳುಹಿಸುತ್ತೇನೆ. ಹೃದಯ ಮಾತ್ರ ಯಾವ ವಿಡಿಯೊದಲ್ಲೂ ಕಾಣುವುದಿಲ್ಲ. ಓಡದ ಹುಡುಗನಿಗೆ ಏದುಸಿರೂ ಬರುವುದಿಲ್ಲವಾದ್ದರಿಂದ, ವರ್ಷಕ್ಕೊಮ್ಮೆ ಎಕೋ, ಎಂದರೆ ಹೃದಯದ ಸ್ಕ್ಯಾನ್, ಆಗಲೇಬೇಕೆಂದು ನಾನು ಜಗಳವಾಡಿಯಾದರೂ ಮಾಡಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸ್ನಾಯುಕ್ಷಯವೂ ಸೇರಿರುವುದರಿಂದ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ಮೊದಲ ಭೇಟಿಯಲ್ಲೇ ಮಾಡಿಸಲು ಹೇಳುವುದು ನನ್ನ ರೂಢಿ.

ಪರೀಕ್ಷೆ ಎಂದು ತಿಳಿಯದಂತೆ ಹುಡುಗನಿಂದ ಅವನ ಪೂರ್ತಿ ಶಕ್ತಿಯನ್ನು ಹೊರಡಿಸಲು ನಾನು ಮಾಡುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹುಡುಗರಲ್ಲಿ ಮೂವರು ಈಗ ನಾನು ಬರೆದದ್ದನ್ನೆಲ್ಲ ಓದುತ್ತಾರೆ, ಗೊತ್ತಾದರೆ ಆ ಉಪಾಯ ನಡೆಯುವುದಿಲ್ಲ. ಕ್ರಮವನ್ನು ಕಲಿಯಲು ಬರುವ ಫಿಸಿಯೊಗಳಿಗೆ ಎದುರಿಗೆ ತೋರಿಸುತ್ತೇನೆ.

ಪಾಂಡವಪುರದ ಆ ಹುಡುಗನಿಗೆ ಈಗ ಹತ್ತು ತುಂಬಿದೆ. ಕಳೆದ ಹುಣ್ಣಿಮೆಯಂದು ಅವನು ಎದ್ದದ್ದು ಆರು ಸೆಕೆಂಡು, ಹನ್ನೊಂದು ಚೌಕಟ್ಟುಗಳಲ್ಲಿ. ಎರಡೂ ಕೈ ಮಂಡಿಯ ಮೇಲಿದ್ದವು, ಎರಡೂ ಹಿಮ್ಮಡಿ ನೆಲದ ಮೇಲಿದ್ದವು.